ಭಾಗ್ಯಾಳ ಕಿವಿ ಮಷೀನಿನ ನೋಟಿಸು

ಅಪ್ಪಾ,

ನಾನು ಹೋಗುವಷ್ಟರಲ್ಲಿ ಔರಾದಿನ ಶಿಬಿರ ಮುಗಿದೇ ಹೋಗಿತ್ತು. ಬೀದರಿನಿಂದ ಡಾಕ್ಟರು ಬಂದು, ಮಕ್ಕಳ ಕಿವಿ ಪರೀಕ್ಷೆ ಮಾಡಿ, ಮಷೀನಿಗೆ ಹೆಸರು ಬರೆದುಕೊಂಡು ಹೋಗಿಯೂ ಆಗಿತ್ತು. ನಿನ್ನ ಮೊಮ್ಮಗಳು ಭಾಗ್ಯಾಳ ಹೆಸರು ಮಾತ್ರ ಅದರಲ್ಲಿಲ್ಲ. ನನಗೆ ಸುದ್ದಿ ಕೊಟ್ಟವರು ಶಾಲೆಯವರಲ್ಲ, ಕೊಳಾರದ ಗೋದಾಮಿನಲ್ಲಿ ನನ್ನ ಜೊತೆ ಚೀಲ ಹೊರುವ ಕಮಲನಗರದ ಗೆಳೆಯ. ಅವನು ತನ್ನ ಮಗಳ ಹೆಸರು ಬರೆಸಿ ಬಂದಿದ್ದ.

ನೀನು ಅವಳ ಬೆನ್ನ ಹಿಂದೆ ಬೇಕೆಂದೇ ತಾಟು ಬೀಳಿಸಿದ ದಿನ ನೆನಪಾಯಿತು. ನಾವೆಲ್ಲ ಬೆಚ್ಚಿದೆವು, ಅವಳು ತಿರುಗಲಿಲ್ಲ. "ಇದಕ್ಕ ಸರ್ಕಾರದಾಗ ಏನರ ಇರ್ತದ, ಸಾಲ್ಯಾಗ ಕೇಳು," ಅಂತ ನೀನು ಅಂದೆ. ಈ ಮನೆಯಲ್ಲಿ ನನ್ನ ಮಾತು ಕೇಳದವರು ಮೊದಲೇ ಮೂವರಿದ್ದಾರೆ, ಇವಳು ನಾಲ್ಕನೆಯವಳು ಅಂತ ನಾನು ಹಾರಿಸಿಬಿಟ್ಟೆ. ಆಮೇಲೆ ಕೇಳಿದರಾಯಿತು ಅನ್ನುವಷ್ಟರಲ್ಲಿ ನೀನೇ ಇಲ್ಲವಾದೆ.

ಹೆಡ್‌ಮಾಸ್ತರರ ಮುಂದೆ ನಿಂತಾಗ, "ಗ್ರೂಪಿನ್ಯಾಗ ಹಾಕಿದ್ವಲ್ರೀ," ಅಂದರು. ಪಾಲಕರ ವಾಟ್ಸ್ಯಾಪ್ ಗ್ರೂಪು. ಅದರಿಂದ ನನ್ನನ್ನು ತೆಗೆದುಹಾಕಿದವರು ಅವರೇ! ತಪ್ಪು ನನ್ನದೂ ಇದೆ, ನಿನ್ನ ಮುಂದೆ ಸುಳ್ಳೇಕೆ. ದಿನಾ ಬೆಳಗ್ಗೆ ಐದಾರು ಜೋಕು ದೂಡುತ್ತಿದ್ದೆ. ಕನ್ನಡಕ ಹಾಕಿದ ಎಮ್ಮೆಯ ಫೋಟೋ ಕೆಳಗೆ ಒಂದು ಸಲ 'ನಮ್ಮ ಹೊಸ ಮಾಸ್ತರು' ಅಂತ ಬರೆದೆ. ಆದರೆ ಎಮ್ಮೆಯ ಶಿಕ್ಷೆ ನನಗಿರಲಿ, ಭಾಗ್ಯಾಳಿಗೇಕೆ? ಅವಳು ದಿನಾ ಮೊದಲ ಸಾಲಿನಲ್ಲಿ ಅವರ ತುಟಿಯನ್ನೇ ನೋಡುತ್ತ ಕೂರುತ್ತಾಳೆ. ಒಂದು ಚೀಟಿ ಬರೆದು ಅವಳ ಪಾಟಿಚೀಲದಲ್ಲಿ ಇಟ್ಟಿದ್ದರೆ ಸಾಕಿತ್ತಲ್ಲ.

ಔರಾದಿನ ಶಿಕ್ಷಣ ಆಫೀಸಿಗೆ ಹೋದಾಗ ಕ್ಲರ್ಕು ಗೋಡೆ ತೋರಿಸಿದ. ನೋಟಿಸು ಹಚ್ಚಿದ್ದು ನಿಜ, ಆದರೆ ಅರ್ಧ ಅಲಮಾರಿಯ ಹಿಂದೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಕತ್ತು ತೂರಿಸಿ, ಒತ್ತಕ್ಷರ ಕೂಡಿಸಿ ಕೂಡಿಸಿ ಓದಿದೆ. ಮಷೀನು ಅಷ್ಟೇ ಅಲ್ಲಪ್ಪಾ, ಇಂಥ ಮಕ್ಕಳಿಗೆ ಕಲಿಸಲು ಬೇರೆ ಟೀಚರು ಬರುತ್ತಾರಂತೆ, ಪರೀಕ್ಷೆಯಲ್ಲಿ ಹೆಚ್ಚು ಹೊತ್ತು ಕೊಡುತ್ತಾರಂತೆ. ಅವಳು ಶಾಲೆ ಸೇರಿದ ಈ ನಾಲ್ಕು ವರ್ಷದಲ್ಲಿ ಇದರಲ್ಲಿ ಒಂದನ್ನಾದರೂ ಯಾರು ಹೇಳಿದರು? ಪಾಲಕರಿಗೆ ತಿಳಿಸುವುದು ಶಾಲೆಯ ಕೆಲಸ ಅಂತಲೂ ಬರೆದಿತ್ತು. ಅದೂ ಅಲಮಾರಿಯ ಹಿಂದೆ.

"ಕೂಸಿಗಿ ಕೇಳಂಗಿಲ್ಲ, ಅಪ್ಪಗ ಓದ್ಲಾಕ ಸರಿ ಬರಂಗಿಲ್ಲ. ನಮಗ ಯಾರ್ ಹೇಳ್ಬೇಕ್ರಿ ಸರ್?" ಅಂದೆ. ಬಾಯಿ ತೆರೆದರೆ ಜನರನ್ನು ನಗಿಸುವವನು ನಾನು, ಅವತ್ತು ಆಫೀಸಿನಲ್ಲಿ ಯಾರೂ ನಗಲಿಲ್ಲ. ಆ ಕ್ಲರ್ಕೇ, ಭಾಲ್ಕಿಯಲ್ಲಿ ಇನ್ನೊಂದು ಶಿಬಿರವಿದೆ, ಶಾಲೆಯ ಪತ್ರ ತಂದರೆ ಅಲ್ಲಿ ತೋರಿಸಬಹುದು ಅಂದ. ಹೆಡ್‌ಮಾಸ್ತರರ ಮನೆಯ ಕಟ್ಟೆ ಮೇಲೆ ಕೂತು, ಬರೆಸಿಕೊಂಡೇ ಎದ್ದೆ.

ನಾಳೆ ನಮ್ಮೂರು ಎಕಂಬಾದಿಂದ ಮೊದಲ ಬಸ್ಸಿಗೆ ಹೊರಡುತ್ತೇವೆ. ಅಲ್ಲಿಯೂ ನಿಮ್ಮ ತಾಲೂಕು ಬೇರೆ ಅಂದರೆ? ಅನ್ನಲಿ ನೋಡೋಣ, ಈ ಸಲ ನಾನು ನಗಿಸಿ ಬರುವವನಲ್ಲ. ಮಷೀನು ಹಾಕಿದ ದಿನ ಅವಳಿಗೆ ಮೊದಲು ಏನು ಹೇಳಬೇಕು ಅಂತ...

ಇಗೋ, ಬಂದು ಅಂಗಿ ಜಗ್ಗುತ್ತಿದ್ದಾಳೆ. ಊಟಕ್ಕೆ ಬಾ ಅನ್ನುತ್ತಿದ್ದಾಳೆ. ಹೊರಗಿನವರಿಗೆ ಅದು ಮಾತು ಅಂತಲೇ ತಿಳಿಯುವುದಿಲ್ಲ, ನಮಗೆ ತಿಳಿಯುತ್ತದೆ. ಎರಡನೇ ಸಲ ಕರೆದಳು. ಏಳುತ್ತೇನೆ.