ಕೆಂಪು ಬಾಗಿಲಿನ ಮನೆ

ಮಾರ್ಶ್‌ಬೋರ್ನ್, ಸಸೆಕ್ಸ್
ಭಾನುವಾರ, 16 ಅಕ್ಟೋಬರ್ 2022

ಪ್ರೀತಿಯ ತಮ್ಮ ಕ್ಲಿಫ್,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡು, ಯಾರು ಹೋದರಪ್ಪಾ ಎಂದುಕೊಂಡಿರುತ್ತೀಯ. ಯಾರೂ ಹೋಗಿಲ್ಲ. ನಿನ್ನ ಎದೆ ಹೇಗಿದೆ? ಹೋದ ಕ್ರಿಸ್‌ಮಸ್ ಕಾರ್ಡಿನಲ್ಲಿ ನೀನು ಬರೆದದ್ದು ಮೂರೇ ಸಾಲು. ಒಂದು ಕೆಮ್ಮಿನ ಬಗ್ಗೆ, ಎರಡು ಈರುಳ್ಳಿಯ ಬಗ್ಗೆ. ಈ ಸಲದ ತರಕಾರಿ ಪ್ರದರ್ಶನದಲ್ಲಿ ನಿನ್ನ ಈರುಳ್ಳಿಗೆ ಬಹುಮಾನ ಬಂತೋ, ಅಥವಾ ಮತ್ತೆ ಆ ಹಿಂದಿನ ಬೀದಿಯವನೇ ಹೊಡೆದುಕೊಂಡು ಹೋದನೋ? ಇಟ್ಟಿಗೆ ಕಾರ್ಖಾನೆಯ ಧೂಳು ಮೂವತ್ತು ವರ್ಷ ಕುಡಿದವನು ನೀನು. ಚಳಿಗೆ ಕಿಟಕಿ ತೆರೆದಿಟ್ಟು ಮಲಗಬೇಡ ಎಂದು ಡೋರೀನ್ ಇದ್ದಾಗ ಹೆಂಡತಿಯ ಹಕ್ಕಿನಿಂದ ಹೇಳುತ್ತಿದ್ದಳು. ಈಗ ಹೇಳುವವರಿಲ್ಲ, ಆದ್ದರಿಂದ ನಾನು ಹೇಳುತ್ತಿದ್ದೇನೆ. ನನ್ನ ಆರೋಗ್ಯ ಚೆನ್ನಾಗಿದೆ. ಎಡ ಮೊಣಕಾಲು ಮಾತ್ರ ಎಪ್ಪತ್ತೆರಡು ವರ್ಷದ್ದು, ಉಳಿದದ್ದೆಲ್ಲ ಅದಕ್ಕಿಂತ ಚಿಕ್ಕದು.

ಈಗ ಸುದ್ದಿ. ನನಗೆ ಮನೆ ಬಿಡಲು ಹೇಳಿದ್ದಾರೆ. ನವೆಂಬರ್ ಮೂವತ್ತು ಕೊನೆಯ ದಿನ. ಇಪ್ಪತ್ತೆರಡು ವರ್ಷದಿಂದ ಈ ಮನೆಯಲ್ಲಿದ್ದೇನೆ, ಬಾಡಿಗೆ ಒಂದು ದಿನ ತಡವಾಗಿದ್ದಿಲ್ಲ, ಗೋಡೆಗೆ ಕೇಳದೆ ಒಂದು ಮೊಳೆ ಹೊಡೆದಿಲ್ಲ. ಹಳೆಯ ಒಡೆಯ ಮಿಸ್ಟರ್ ಹಾಲ್ಡನ್ ವಸಂತದಲ್ಲಿ ತೀರಿಕೊಂಡರು. ಅವರ ಮಗಳಿಗೆ ಈ ಮನೆಯನ್ನು ವಾರಾಂತ್ಯಕ್ಕೆ ಲಂಡನ್ನಿನಿಂದ ಬರುವ ಜೋಡಿಗಳಿಗೆ ಕೊಡಬೇಕಂತೆ. ಆಕೆ ಅಳತೆಪಟ್ಟಿ ಹಿಡಿದೇ ಬಂದಳು. ನನ್ನ ಪರದೆಗಳ ಉದ್ದ ಅಳೆಯುತ್ತಲೇ, “ನಿಮಗೆ ತೊಂದ್ರೆ ಕೊಡೋಕೆ ನಂಗೆಷ್ಟು ಬೇಜಾರು ಗೊತ್ತಾ ಮೇವಿಸ್, ನಿಜವಾಗ್ಲೂ ನಿದ್ದೆ ಬಂದಿಲ್ಲ” ಅಂದಳು. ನಾನೇನು ಮಾಡಿದೆ ಹೇಳು? ಚಹಾ ಮಾಡಿಕೊಟ್ಟೆ. ಒಳ್ಳೆಯ ಬಿಸ್ಕತ್ತಿನ ಡಬ್ಬಿ ತೆಗೆದೆ. “ಪಾಪ, ನಿಮ್ಗೂ ಕಷ್ಟಾನೇ ಅಲ್ವಾ” ಎಂದು ಸಮಾಧಾನವನ್ನೂ ಹೇಳಿದೆ. ನೇಣಿನ ಹಗ್ಗ ತಂದವನಿಗೆ ಕೂರಲು ಕುರ್ಚಿ ಕೊಟ್ಟ ಹಾಗೆ. ಕಾರಣ ಕೊಡಬೇಕಾಗಿಲ್ಲ, ತಪ್ಪು ತೋರಿಸಬೇಕಾಗಿಲ್ಲ, ಎರಡು ತಿಂಗಳ ನೋಟೀಸು ಸಾಕು. ಇದು ಈ ದೇಶದ ಕಾನೂನು. ಇದನ್ನು ತೆಗೆದುಹಾಕುತ್ತೇವೆಂದು ಮೂರು ವರ್ಷದ ಹಿಂದೆ ಮಾತು ಕೊಟ್ಟವರು ಇನ್ನೂ ಮಾತು ಕೊಡುತ್ತಲೇ ಇದ್ದಾರೆ. ಈ ಊರಿನಲ್ಲೇ ಬೇರೆ ಮನೆ ಹುಡುಕೋಣವೆಂದರೆ, ನನ್ನ ಪಿಂಚಣಿಗೆ ಇಲ್ಲಿ ಸಿಗುವುದು ಕಾರು ನಿಲ್ಲಿಸುವ ಜಾಗ. ಅದೂ ಕಾರಿಗೆ, ಮನುಷ್ಯರಿಗಲ್ಲ.

ಹಾಗಾಗಿ ಮೂರು ವಾರದಿಂದ ಇಡೀ ಬ್ರಿಟನ್ನಿನಲ್ಲಿ ಒಬ್ಬ ನಿವೃತ್ತ ಗ್ರಂಥಪಾಲಕಿಗೆ ಕೈಗೆಟಕುವ, ಕಣ್ಣಿಗೂ ಸ್ವಲ್ಪ ಹಿತವಾದ ಒಂದು ಊರನ್ನು ಹುಡುಕುತ್ತಿದ್ದೇನೆ. ಪತ್ರಿಕೆಗಳು ವರ್ಷಕ್ಕೊಮ್ಮೆ ಪಟ್ಟಿ ಹಾಕುತ್ತವಲ್ಲ, ಅಗ್ಗದ, ಸುಂದರವಾದ, ವಾಸಕ್ಕೆ ಯೋಗ್ಯವಾದ ಊರುಗಳೆಂದು! ಅವನ್ನೆಲ್ಲ ಕತ್ತರಿಸಿಟ್ಟುಕೊಂಡೆ. ಒಂದು ಊರು ಆ ಪಟ್ಟಿಗೆ ಬಂತೆಂದರೆ ಮುಗಿಯಿತು, ಮುಂದಿನ ವಸಂತಕ್ಕೆ ಅದು ಅಗ್ಗದ ಊರಾಗಿ ಉಳಿದಿರುವುದಿಲ್ಲ. ಪಟ್ಟಿ ಬರೆಯುವವರು ನೋಡುವುದೇನು? ಹುಳಿ ಹಿಟ್ಟಿನ ಬ್ರೆಡ್ಡು ಸಿಗುತ್ತದೆಯೇ, ಕಾಫಿ ಚೆನ್ನಾಗಿದೆಯೇ, ಲಂಡನ್ನಿಗೆ ಎಷ್ಟು ನಿಮಿಷ. ಸಂಜೆ ಆರರ ಮೇಲೆ ಬಸ್ಸಿದೆಯೇ, ವೈದ್ಯರು ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತಾರೆಯೇ ಎಂದು ಯಾರೂ ಕೇಳುವುದಿಲ್ಲ. ಅದಕ್ಕೇ ನನ್ನದೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ, ನಗಬೇಡ. ಊರಿಗೆ ಇಳಿದ ಕೂಡಲೇ ಸಾರ್ವಜನಿಕ ಶೌಚಾಲಯ ಹುಡುಕುವುದು, ಆಮೇಲೆ ಗ್ರಂಥಾಲಯದ ಸೂಚನಾ ಫಲಕ ಓದುವುದು. ಈ ಎರಡೂ ಇರುವ ಊರಿನಲ್ಲಿ ಮುದುಕರನ್ನು ಮನುಷ್ಯರೆಂದು ಎಣಿಸುತ್ತಾರೆ.

ಲಿಂಕನ್‌ಶೈರಿನ ಒಂದು ಊರಿನಲ್ಲಿ ಎರಡೂ ಇರಲಿಲ್ಲ. ಗ್ರಂಥಾಲಯವಿದ್ದ ಕಟ್ಟಡದಲ್ಲಿ ಈಗ ಉಗುರಿಗೆ ಬಣ್ಣ ಹಚ್ಚುತ್ತಾರೆ. ಬಾಗಿಲ ಮೇಲಿನ ಕಲ್ಲಿನಲ್ಲಿ ‘ಜ್ಞಾನ ಎಲ್ಲರಿಗೂ’ ಎಂದು ಕೆತ್ತಿದ್ದು ಹಾಗೇ ಉಳಿದಿದೆ, ಕೆರೆಯುವುದು ಖರ್ಚಿನ ಕೆಲಸವೇನೋ. ಡರಮ್ ಕಡೆಯ ಒಂದು ಹಳೆಯ ಗಣಿ ಊರಿನಲ್ಲಿ ಮನೆಗಳು ನಂಬಲಾರದಷ್ಟು ಅಗ್ಗ. ಬಸ್ ನಿಲ್ದಾಣದಲ್ಲಿ ಒಬ್ಬಾಕೆ ನನ್ನ ಕೈಯಲ್ಲಿದ್ದ ಪತ್ರಿಕೆಯ ತುಣುಕನ್ನು ನೋಡಿ ನಕ್ಕುಬಿಟ್ಟಳು. “ಅಗ್ಗ ಯಾಕ್ ಗೊತ್ತಾ ತಾಯಿ? ಬಂದೋರ್ಗೆ ಹೋಗಕ್ಕೆ ಬಸ್ಸಿಲ್ಲ, ಅದ್ಕೆ!” ನಾನೂ ನಕ್ಕೆ. ನಂತರ ನಾವಿಬ್ಬರೂ ಒಂದೂವರೆ ಗಂಟೆ ಅದೇ ಬಸ್ಸಿಗೆ ಕಾದೆವು.

ಮೋರ್ಕಂಬ್ ಬಗ್ಗೆ ಹೇಳದೆ ಇರೋಣವೆಂದುಕೊಂಡಿದ್ದೆ. ಹೇಳಿಬಿಡುತ್ತೇನೆ. ನಾವು ಚಿಕ್ಕವರಿದ್ದಾಗ ಕಾರ್ಖಾನೆಗೆಲ್ಲ ಒಟ್ಟಿಗೇ ರಜೆ ಕೊಡುವ ವಾರದಲ್ಲಿ ಅಪ್ಪ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದನಲ್ಲ, ಅದೇ ಮೋರ್ಕಂಬ್. ಸಮುದ್ರದಿಂದ ಎರಡು ಬೀದಿ ಹಿಂದೆ, ಮಿಸೆಸ್ ಗ್ರಿಮ್‌ಶಾ ಎಂಬ ವಿಧವೆಯ ಮನೆಯ ಮಹಡಿ. ಎರಡು ಕೋಣೆ, ಬೆಳಕು, ಮೂಲೆಯ ಕಿಟಕಿಯಿಂದ ಒಂದು ಚೂರು ಕೊಲ್ಲಿ. ಬಾಡಿಗೆ ನನ್ನ ಪಿಂಚಣಿಗೆ ಹೊಂದುತ್ತಿತ್ತು. ಶೌಚಾಲಯ ಇತ್ತು, ಗ್ರಂಥಾಲಯ ತೆರೆದಿತ್ತು, ಫಲಕದ ಮೇಲೆ ಹೆಣಿಗೆಯವರ ಕೂಟದ ಚೀಟಿ ಇತ್ತು. ನನ್ನ ಪುಸ್ತಕಗಳ ಸಂಖ್ಯೆ ಕೇಳಿ ಆಕೆ, “ಅಷ್ಟೊಂದಾ! ಚಾವಣಿ ಬಿದ್ರೆ ನನ್ ತಲೆ ಮೇಲೇ ಬೀಳೋದು, ಓದಿದೋಳಾಗಿ ಸಾಯ್ತೀನಿ ಬಿಡಿ” ಅಂದಳು. ಆಮೇಲೆ ಕೀಲಿಕೈಯನ್ನು ಮೇಜಿನ ಮೇಲಿಟ್ಟು, “ನಂಗೆ ನೀವು ಹಿಡಿಸಿದ್ರಿ. ಬೇಕೋ ಬೇಡ್ವೋ?” ಎಂದು ಕೇಳಿದಳು.

ಕ್ಲಿಫ್, ಬೇಕು ಎನ್ನಬೇಕಿತ್ತು. ಆ ಎರಡಕ್ಷರ ಬಾಯಿಗೆ ಬರಲಿಲ್ಲ. ದಕ್ಷಿಣದಲ್ಲಿ ಕಳೆದ ನಲವತ್ತೆಂಟು ವರ್ಷ ನನ್ನ ನಾಲಿಗೆಯ ಮೇಲೆ ಬಂದು ಕುಳಿತವು. “ತುಂಬಾ ಚೆನ್ನಾಗಿದೆ, ಆದ್ರೆ ಬೇರೆಯೋರು ಯಾರಾದ್ರೂ ನೋಡೋರಿದ್ರೆ ಪಾಪ ಅವರೂ ನೋಡ್ಲಿ, ನಂಗೇನೂ ಅವಸರವಿಲ್ಲ, ನಿಮಗೆ ತೊಂದ್ರೆ ಆಗ್ಬಾರ್ದು” ಅಂದೆ. ಇಲ್ಲಿ ಹಾಗೆಂದರೆ ಎದುರಿನವರು, ಅಯ್ಯೋ ತೊಂದರೆ ಏನು, ನೀವೇ ಇರಿ ಎನ್ನುತ್ತಾರೆ. ನಾವು ಮತ್ತೊಮ್ಮೆ ಬೇಡವೆನ್ನುತ್ತೇವೆ. ಅವರು ಮೂರನೆಯ ಸಲ ಹೇಳುತ್ತಾರೆ. ಆಗ ತುಂಬಾ ಸಂಕೋಚದಿಂದ ಒಪ್ಪಿಕೊಳ್ಳುತ್ತೇವೆ. ಮಿಸೆಸ್ ಗ್ರಿಮ್‌ಶಾ ಒಂದು ಕ್ಷಣ ನನ್ನ ಮುಖ ನೋಡಿ, “ಸರಿ ಹಾಗಾದ್ರೆ” ಎಂದು ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡಳು. ಪ್ರೆಸ್ಟನ್ ದಾಟುವ ಹೊತ್ತಿಗೆ ನಾನು ಮಾಡಿದ್ದೇನೆಂದು ಹೊಳೆದು ರೈಲಿನಿಂದಲೇ ಫೋನು ಮಾಡಿದೆ. ನಾಲ್ಕು ಗಂಟೆಗೆ ಒಬ್ಬ ಬಸ್ ಚಾಲಕ ಬಂದಿದ್ದನಂತೆ, ನೋಡಿದ, ಬೇಕು ಅಂದ, ಕೊಟ್ಟಾಯಿತು. “ನೀವು ಬೇಡ ಅಂದ್ರಲ್ಲಮ್ಮಾ.” ನಾನು ಬೇಡ ಅನ್ನಲಿಲ್ಲ ಅಂದೆ. “ಬೇಕು ಅಂತ್ಲೂ ಅನ್ಲಿಲ್ವಲ್ಲ” ಅಂದಳು, ಕೋಪದಿಂದಲ್ಲ, ನಿಜವಾಗಿ ನೊಂದುಕೊಂಡು. ಉತ್ತರದ ಲಾರ್ಚ್ ಸ್ಟ್ರೀಟಿನಲ್ಲಿ ಬೆಳೆದ ಹುಡುಗಿ ನಾನು. ಚಮಚವನ್ನು ಚಮಚ ಎಂದೇ ಕರೆಯುವ ತಾಯಿಯ ಮಗಳು. ನನ್ನ ಊರಿನ ಮಾತಿಗೆ ನನ್ನ ಊರಿನ ಉತ್ತರ ಕೊಡುವುದನ್ನೇ ಮರೆತಿದ್ದೆ. ಎದುರು ಕೂತವರು ನೋಡಬಾರದೆಂದು ಕ್ರೂ ನಿಲ್ದಾಣದವರೆಗೂ ಪತ್ರಿಕೆಯನ್ನು ಮುಖಕ್ಕೆ ಹಿಡಿದಿದ್ದೆ. ಅದರಲ್ಲಿದ್ದದ್ದು ಆ ಪಟ್ಟಿಯೇ.

ಇಲ್ಲಿನ ಪುರಸಭೆಯ ವಸತಿ ಕಚೇರಿಗೂ ಹೋಗಿದ್ದೆ. ಹುಡುಗಿ ಒಳ್ಳೆಯವಳೇ. “ನೀವಾಗೇ ಹೋಗ್ಬೇಡಿ ಮೇಡಂ. ಕೋರ್ಟಿನೋರು ಬಂದು ಹೊರಗೆ ಹಾಕೋತನಕ ಕಾಯಿರಿ. ನೀವಾಗೇ ಬಿಟ್ರೆ ಮನೆ ಕಳ್ಕೊಂಡಿದ್ದು ನಿಮ್ ತಪ್ಪು ಅಂತಾಗತ್ತೆ” ಎಂದು ಗುಟ್ಟಿನಂತೆ ಹೇಳಿದಳು. ಹಾಗೆ ಕಾದರೆ ಏನು ಕೊಡುತ್ತೀರಿ ಎಂದು ಕೇಳಿದೆ. ಹೆದ್ದಾರಿಯ ಪಕ್ಕದ ಅತಿಥಿಗೃಹದಲ್ಲಿ ಒಂದು ಕೋಣೆ, ಎಷ್ಟು ದಿನವೆಂದು ಹೇಳಲಾಗದು, ಎರಡು ಪೆಟ್ಟಿಗೆಗಿಂತ ಹೆಚ್ಚು ಸಾಮಾನು ತರುವಂತಿಲ್ಲ. ಗೌರವದಿಂದ ಬದುಕಿದವಳು ಈಗ ಬಾಗಿಲಿಗೆ ಕೋರ್ಟಿನವರು ಬರಲೆಂದು ಕಾಯಬೇಕು. ಅದೇ ನಿಯಮಕ್ಕೆ ತಕ್ಕ ನಡತೆ. ನಿನ್ನೆಯಿಂದ ಪುಸ್ತಕಗಳನ್ನು ಎರಡು ರಾಶಿ ಮಾಡುತ್ತಿದ್ದೇನೆ, ಬಿಟ್ಟು ಬದುಕಬಹುದಾದವು ಮತ್ತು ಬದುಕಲಾಗದವು. ಮೊದಲನೆಯ ರಾಶಿ ಇನ್ನೂ ಶುರುವಾಗಿಲ್ಲ.

ಈ ರಾಶಿಗಳ ನಡುವೆ ಕೂತು 1956 ನೆನಪಾಯಿತು. ನಿನಗೆ ಮೂರು ವರ್ಷ, ನೆನಪಿರಲಾರದು. ನನಗೆ ಆರು. ಪುರಸಭೆ ನಮಗೆ ಲಾರ್ಚ್ ಸ್ಟ್ರೀಟಿನ ಆ ಮನೆಯನ್ನು ಬಾಡಿಗೆಗೆ ಕೊಟ್ಟ ದಿನ ಅಮ್ಮ ಕೋಟನ್ನೂ ಬಿಚ್ಚದೆ ನೆಟ್ಟಗೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ಬಿಸಿನೀರು ಬಂತು. ಕೈಯನ್ನು ಅದರ ಕೆಳಗಿಟ್ಟುಕೊಂಡು ಅತ್ತಳು. ಅಪ್ಪ ಬಾಗಿಲಲ್ಲಿ ನಿಂತು, “ಇದು ಯಾರಪ್ಪನ್ ಮನೇನೂ ಅಲ್ಲ, ಅದ್ಕೇ ನಮ್ದು” ಅಂದ. ಬೀದಿಯ ನಲವತ್ತು ಮನೆಗೂ ಒಂದೇ ಹಸಿರು ಬಾಗಿಲು. ಐದು ವರ್ಷಕ್ಕೊಮ್ಮೆ ಪುರಸಭೆಯ ಬಣ್ಣದವನು ಬಂದು ಅದೇ ಹಸಿರು ಬಳಿಯುತ್ತಿದ್ದ. 1983ರಲ್ಲಿ, ಬಾಡಿಗೆದಾರರು ಮನೆ ಕೊಳ್ಳಬಹುದೆಂದು ಸರ್ಕಾರ ಅರ್ಧ ಬೆಲೆಗೆ ಹಂಚತೊಡಗಿದಾಗ, ನೀನು ಅಮ್ಮನ ಹೆಸರಿನಲ್ಲಿ ಕೊಂಡೆ. ಕೊಂಡವರೆಲ್ಲ ಮಾಡುತ್ತಿದ್ದಂತೆ ಮೊದಲ ವಾರವೇ ಹಳೆಯ ಬಾಗಿಲನ್ನು ಕಿತ್ತು ಹೊಸದು ಹಾಕಿದೆ, ಕೆಂಪು, ಬಡಿದು ಕರೆಯಲು ಹಿತ್ತಾಳೆಯ ಬಳೆ ಬೇರೆ. ನಾನು ಲಾರ್ಚ್ ಸ್ಟ್ರೀಟಿನ ಮಧ್ಯೆ ನಿಂತು, ನೆರೆಯವರೆಲ್ಲ ಕೇಳುವಂತೆ, ನೀನು ಕೊಂಡದ್ದು ಮನೆಯನ್ನಲ್ಲ, ಮುಂದೆ ಬರುವವರ ಸರದಿಯನ್ನು ಅಂದೆ. ಆ ಬಾಗಿಲಿನಿಂದ ನಾನು ಒಳಗೆ ಕಾಲಿಡುವುದಿಲ್ಲ ಅಂದೆ. ಇಟ್ಟಿಲ್ಲ. ಅಮ್ಮನ ಶವಪೆಟ್ಟಿಗೆ ಆ ಕೆಂಪು ಬಾಗಿಲಿನಿಂದ ಹೊರಟಾಗ ನಾನು ಅಡಿಗೆಮನೆಯ ಹಿಂಬಾಗಿಲಿನಿಂದ ಸುತ್ತಿ ಬಂದು ಸೇರಿಕೊಂಡೆ. ಡೋರೀನಳ ಅಂತ್ಯಕ್ರಿಯೆಗೂ ಹಿಂಬಾಗಿಲಿನಿಂದಲೇ ಬಂದೆ.

ನನ್ನ ಅಭಿಪ್ರಾಯ ಬದಲಾಗಿಲ್ಲ ಕ್ಲಿಫ್, ಅದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ. ಆ ನಲವತ್ತು ಮನೆಗಳು ಪುರಸಭೆಯ ಕೈಯಲ್ಲೇ ಇದ್ದಿದ್ದರೆ ಇವತ್ತು ನನ್ನಂಥವಳಿಗೆ ಒಂದು ಸರದಿ ಇರುತ್ತಿತ್ತು. ಆದರೆ ನೀನು ಕೊಂಡ ಮನೆಯನ್ನು ಮಾರಲಿಲ್ಲ, ದುಪ್ಪಟ್ಟು ಬಾಡಿಗೆಗೆ ಕೊಡಲಿಲ್ಲ, ಅದರಲ್ಲೇ ಇದ್ದೆ, ಅಮ್ಮನನ್ನು ಅದರಲ್ಲೇ ನೋಡಿಕೊಂಡೆ. ಆಗ ನಾನು ಇಲ್ಲಿ ಸರಿಯಾದ ಅಭಿಪ್ರಾಯಗಳನ್ನು ಇಟ್ಟುಕೊಂಡಿದ್ದೆ. ಡೋರೀನ್ ಒಮ್ಮೆ ಫೋನಿನಲ್ಲಿ ಹೇಳಿದ್ದು ಈಗ ಅರ್ಥವಾಗುತ್ತಿದೆ: “ನಿಂದೇ ಸರಿ ಇರ್ಬೋದು ಮೇವಿಸ್, ಆದ್ರೆ ಚಳೀಲಿ ಹೊರಗ್ ನಿಂತ್ಕೊಂಡು ಸರಿ ಇರೋದು ಬಲು ಕಷ್ಟ ಕಣೆ.”

ಹಿಂದಿನ ಬೀದಿಯವನನ್ನು ಬಿಟ್ಟು ಕೇಳಿದವರಿಗೆಲ್ಲ ನನ್ನ ನೆನಪು ತಿಳಿಸು. ಈರುಳ್ಳಿಗೆ ಹಿಮ ತಾಗದಿರಲಿ, ನಿನ್ನ ಎದೆಗೂ. ದೇವರನ್ನು ನಾನು ನಂಬುವುದಿಲ್ಲವೆಂದು ನಿನಗೆ ಗೊತ್ತು. ಆದರೂ ಅಮ್ಮ ಹೇಳುತ್ತಿದ್ದಂತೆ, ಅವನು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ ಅಕ್ಕ,
ಮೇವಿಸ್

ತಾ.ಕ.: ಸೋಮವಾರ ಬೆಳಿಗ್ಗೆ. ಅಂಚೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಡೋರೀನಳನ್ನು ಮಣ್ಣು ಮಾಡಿ ಬಂದ ದಿನ ನೀನು ಹ್ಯಾಮ್ ಸ್ಯಾಂಡ್‌ವಿಚ್‌ನ ತಟ್ಟೆ ಹಿಡಿದುಕೊಂಡು, “ಮೇಲಿನ ಕೋಣೆ ಖಾಲಿ ಐತೆ, ನಮ್ ಮೇವಿಸ್. ಅಪ್ಪ ಹೊಡೆದ ಪುಸ್ತಕದ ಹಲಗೆ ಹಂಗೇ ಐತೆ. ಬರೋದಾದ್ರೆ ಬಾ” ಅಂದಿದ್ದೆ. ನಿನಗೆ ಯಾಕೆ ತೊಂದರೆ ಅಂದಿದ್ದೆ ನಾನು. ನೀನು ಎರಡನೆಯ ಸಲ ಕೇಳಲಿಲ್ಲ. ನಾಲ್ಕು ವರ್ಷ ಅದಕ್ಕೆ ನಿನ್ನ ಮೇಲೆ ಕೋಪ ಮಾಡಿಕೊಂಡಿದ್ದೆ. ಆ ಕೋಣೆ ಇನ್ನೂ ಖಾಲಿ ಇದೆಯೇ? ನನಗೆ ಅದು ಬೇಕು. ಉಪಚಾರಕ್ಕೆ ಕೇಳುತ್ತಿಲ್ಲ, ಬೇಕು. ನಿನ್ನ ಕೈಯಲ್ಲಿ ಬಾಡಿಗೆ ಇಡುತ್ತೇನೆ, ಜಗಳವನ್ನೂ ಆಡುತ್ತೇನೆ. ದಯವಿಟ್ಟು ಫೋನು ಮಾಡಬೇಡ, ಫೋನಿನಲ್ಲಿ ನಾನು ಮತ್ತೆ ತೊಂದರೆ ಬೇಡವೆಂದುಬಿಡುತ್ತೇನೆ. ಒಂದು ಕಾರ್ಡಿನ ಮೇಲೆ ‘ಬಾ’ ಅಥವಾ ‘ಬೇಡ’ ಎಂದು ಬರೆದು ಹಾಕು, ಒಂದೇ ಪದ ಸಾಕು. ‘ಬಾ’ ಎಂದಾದರೆ ಹಿಂಬಾಗಿಲಿನ ಅಗಳಿ ತೆಗೆದಿಡಬೇಕಾಗಿಲ್ಲ. ಮುಂದಿನಿಂದಲೇ ಬರುತ್ತೇನೆ.