ವಿಯೆನ್ನಾದಲ್ಲಿ ಎದ್ದು ನಿಂತವಳು

ನೌಬಾದ, ೧೮ ಮೇ ೨೦೨೫, ಭಾನುವಾರ

ಎರಡು ದಿನದ ರಜೆ ದೊರೆತರೆ ಸಾಕು, ಪರದೇಶ ಸುತ್ತುವುದೇಕೆಂದು ಮೊಮ್ಮಗಳು ಜಾಯ್ಸಳನ್ನು ಕಳೆದ ವಾರ ಗದರಿದ್ದೆ. ಮ್ಯೂನಿಕ್ ನಗರದಲ್ಲಿ ದಾದಿಯಾಗಿರುವ ಅವಳು ನಮ್ಮದನ್ನೆಲ್ಲ ಮರೆಯುತ್ತಿರುವಳೆಂಬ ಕೊರಗು ನನ್ನನ್ನು ಬಿಟ್ಟಿರಲಿಲ್ಲ.

ಇಂದು ಸಂಜೆ ವಿಯೆನ್ನಾದಿಂದ ದೂರವಾಣಿಯಲ್ಲಿ ಮಾತನಾಡಿದಳು. ನಿನ್ನೆ ವಸ್ತುಸಂಗ್ರಹಾಲಯಗಳನ್ನು ನೋಡಿ, ರಾತ್ರಿ ಗಾಯನಗೋಷ್ಠಿಗೆ ಹೋಗಿದ್ದಳಂತೆ. ಬೀದರದ ನಮ್ಮ ಮೆಥೊಡಿಸ್ಟ್ ದೇವಾಲಯದಲ್ಲಿ ನಾವು ಕನ್ನಡದಲ್ಲಿ ಹಾಡುವ ಕೀರ್ತನೆಯೊಂದರ ರಾಗವನ್ನೇ ಅಲ್ಲಿಯ ಗಾಯಕವೃಂದವೂ ಎತ್ತಿಕೊಂಡಿತಂತೆ. ಕೀರ್ತನೆ ಆರಂಭವಾದೊಡನೆ ಏಳುವುದು ನಮ್ಮ ಸಭೆಯ ರೂಢಿ.

"ನಾ ಎದ್ದು ನಿಂತೇ ಬಿಟ್ಟೆರಿ ಅಜ್ಜಾ. ನೋಡ್ತೇನಿ, ಎಲ್ಲಾರೂ ಕುಂತಾರ! ಹಿಂದಿನವ್ರು ಕುಂದ್ರು ಅಂತ ಕೈ ಮಾಡಿದ್ರು."

"ಕುಳಿತೆಯೇನು?" ಎಂದೆ.

"ಹ್ಯಾಂಗ ಕುಂದ್ರಲಿರಿ? ನೀವೇ ಕಲಿಸೀರಿ. ಅವ್ರಿಗಿ ಅಡ್ಡ ಆಗಬಾರದಂತ ಬಾಜೂಕ ಸರದು, ಗ್ವಾಡಿಗಿ ನಿಂತು, ನಾಕೂ ಚರಣ ಕನ್ನಡದಾಗ ಮೆಲ್ಲಗ ಹಾಡಿದೆ."

ಅವಳು ಕಳುಹಿಸಿದ ಅರಮನೆಗಳ ಚಿತ್ರಗಳನ್ನು ನಾನಿನ್ನೂ ನೋಡಿಲ್ಲ. ಆ ನಾಲ್ಕು ಚರಣಗಳೇ ನನಗೆ ಸಾಕು. ಒಂದು ಪದವನ್ನೂ ಅವಳು ಮರೆತಿಲ್ಲ.

ಅವಳು ಆ ಕೀರ್ತನೆಯನ್ನು ದೂರವಾಣಿಯಲ್ಲೇ ಮತ್ತೊಮ್ಮೆ ಹಾಡಿದಾಗ ನಾನೂ ಅರಿವಿಲ್ಲದೆ ಎದ್ದಿದ್ದೆ. ಮಡದಿ ಹನ್ನಾ ಅಡುಗೆಮನೆಯಿಂದಲೇ ಕೂಗಿದಳು: "ಅಕಿ ಅಲ್ಲಿ ನಿಂತ್ಲು, ನೀವ್ಯಾಕ ಇಲ್ಲಿ ನಿಂತೀರಿ? ಆಮ್ಯಾಲ ಮೊಣಕಾಲ ನೋವಂತ ಅಳಬ್ಯಾಡ್ರಿ ಮತ್ತ!"

ಕೀರ್ತನೆ ಮುಗಿಯುವವರೆಗೂ ನಾನು ಕೂರಲಿಲ್ಲ. ಈಗ ಮೊಣಕಾಲು ನೋಯುತ್ತಿದೆ. ನೋಯಲಿ.