ಬೋರ್ಡಿಗೆ ಕಣ್ಣು ಬಂದ ದಿನ

ಮೇಡಂ ಅವರಿಗೆ ನಮಸ್ಕಾರ.

ಸರ್ಕ್ಯೂಟ್ ಬೋರ್ಡಿಗೆ ಕ್ಯಾಮೆರಾ ಹೇಗೆ ಜೋಡಿಸಿದೆ ಎಂದು ನಾನು ಬರೆದ ಹನ್ನೆರಡು ಸಾಲಿನ ವಿವರಣೆಯನ್ನು ನೀವು ಮೂರು ಸಲ ಹಿಂದಿರುಗಿಸಿದಾಗ ಮುಖ ಊದಿಸಿಕೊಂಡಿದ್ದೆ, ಕ್ಷಮಿಸಿ. “ಬೋರ್ಡಲ್ಲಿ ಏನಿದೆಯೋ ಅದನ್ನ ಬರೀರಿ, ಇರಬೇಕಾದ್ದನ್ನಲ್ಲ” ಅಂದಿದ್ದಿರಿ. ಕೊನೆಗೆ ಭೂತಗನ್ನಡಿ ಹಿಡಿದು ಬೋರ್ಡಿನ ಮೇಲಿನ ಒಂದೊಂದೇ ತಾಮ್ರದ ಗೆರೆಯನ್ನು ಹಿಂಬಾಲಿಸಿದೆ. ಬೋರ್ಡ್ ಮಾಡಿದವರು ಎರಡು ಗೆರೆಗಳನ್ನು ಅದಲುಬದಲಾಗಿ ಎಳೆದಿದ್ದರು. ಇದ್ದದ್ದನ್ನು ಇದ್ದ ಹಾಗೆ ಬರೆದೆ.

ನಾವು ಹೇಳುವ ತನಕ, ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವಾದ ಕರ್ನೆಲ್‌ಗೆ ತನಗೊಂದು ಕ್ಯಾಮೆರಾ ಇದೆ ಎಂದೇ ಗೊತ್ತಿರುವುದಿಲ್ಲ. ಆ ಹನ್ನೆರಡು ಸಾಲು ಓದಿದ್ದೇ ತಡ, ಅದಕ್ಕೆ ಕಣ್ಣು ಬಂತು.

ಕಣ್ಣು ಪರೀಕ್ಷಿಸುವ ಯಂತ್ರವಲ್ಲವೇ, ಮೊದಲು ಅಮ್ಮನನ್ನೇ ಕೂರಿಸಿದೆ. ಪರದೆಯ ಮೇಲೆ ಅವಳ ಕಣ್ಣಿನ ಒಳಗೋಡೆ ಮೂಡಿತು. ಕೆಂಪು ನೆಲದ ತುಂಬ ಕವಲೊಡೆಯುತ್ತ ಹೋದ ರಕ್ತನಾಳಗಳು. ಹುಟ್ಟಿದಾಗಿನಿಂದ ನನ್ನ ಮುಖದ ಬಿಂಬ ಬಿದ್ದದ್ದು ಈ ಗೋಡೆಯ ಮೇಲೆಯೇ ಅನ್ನಿಸಿ ಪರದೆಯ ಹತ್ತಿರಕ್ಕೆ ಬಾಗಿದೆ.

“ಯಾಕೇ ಹಾಗೆ ನೋಡ್ತಿದ್ದೀಯ? ಏನಾದ್ರೂ ಕೆಟ್ಟದ್ದಿದ್ಯಾ?” ಅಂದಳು.

ಅಂಚಿನಲ್ಲಿ ಸಣ್ಣದೊಂದು ಹರಿದ ಗುರುತಿತ್ತು. ಮರುದಿನವೇ ವೈದ್ಯರು ಅದನ್ನು ಸರಿಮಾಡಿದರು. ತಡವಾಗಿದ್ದರೆ ಆ ಕಣ್ಣು ಹೋಗುತ್ತಿತ್ತಂತೆ.

ವಿವರಣೆಯ ನಾಲ್ಕನೆಯ ಪ್ರತಿ ಕಳಿಸಿದ್ದೇನೆ. ಅಮ್ಮನ ಕಥೆ ಕೇಳಿ ರಿಯಾಯಿತಿ ತೋರಿಸಬೇಡಿ. ಇನ್ನು ಯಾರ್ಯಾರ ಅಮ್ಮಂದಿರೋ ಈ ಯಂತ್ರದ ಮುಂದೆ ಕೂರುವವರಿದ್ದಾರೆ. ತಪ್ಪಿದ್ದರೆ ದಯವಿಟ್ಟು ಹಿಂದಿರುಗಿಸಿ.

ಇಂತಿ,
ಕ್ಯಾಮೆರಾ ವಿಭಾಗದ ಕಿರಿಯಳು